ಒಂದೇ ಆದರೆ ಎರಡು ಯಾಕೆ

ಚನ್ನಗಿರಿ
ಭಾನುವಾರ, ೧೨ ನವೆಂಬರ್ ೧೯೮೯

ನನ್ನ ಮುದ್ದಿನ ಅಪ್ಪಾಜಿಗೆ,

ಅಪ್ಪಾಜಿ, ನಿಮ್ಮ ಮಗಳ ಹೆಸರನ್ನು ಚನ್ನಗಿರಿಯ ಬಸ್ ಸ್ಟ್ಯಾಂಡ್ ಎದುರಿಗೆ ಆಳೆತ್ತರದ ಬೋರ್ಡಿನಲ್ಲಿ ಬರೆಸಿದ್ದಾರೆ, ದಾವಣಗೆರೆ ಬಸ್ಸಿನಿಂದ ಇಳಿದವರೆಲ್ಲ ಮೊದಲು ಓದುವುದು ಅದನ್ನೇ: ‘ರುದ್ರಾಣಿ ಕಂಪ್ಯೂಟರ್ ಸೇವೆ’. ಹಳದಿ ಅಕ್ಷರ, ಸುತ್ತಲೂ ಕೆಂಪು ಗೆರೆ. ಇಷ್ಟನ್ನು ಹೇಳಿಬಿಡದಿದ್ದರೆ ಕ್ಷೇಮ ವಿಚಾರಿಸಲು ಕೈಯೇ ಬರುತ್ತಿರಲಿಲ್ಲ. ಈಗ ಹೇಳಿ, ಹೇಗಿದ್ದೀರಿ? ಅಮ್ಮನ ಮೊಣಕಾಲಿನ ಊತ ಇಳಿಯಿತೇ? ನೀವು ರಿಟೈರಾದ ಮೇಲೂ ದಿನಾ ಬೆಳಿಗ್ಗೆ ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿ, ಗಾಡಿ ಹೊತ್ತಿಗೆ ಸರಿಯಾಗಿ ಹೊರಟಿತೋ ಇಲ್ಲವೋ ಎಂದು ನೋಡಿ ಬರುತ್ತೀರಂತೆ. ಹೊಸ ಗಾರ್ಡು ಪಾಪ, ನಿಮ್ಮನ್ನು ಕಂಡರೆ ಹೆದರುತ್ತಿರಬಹುದು. ನನ್ನ ಪತ್ರಗಳನ್ನು ಓದಿ ಹೇಳುವಾಗ ಇಂಗ್ಲಿಷ್ ಬಂದ ಕಡೆ ನೀವು ಹಾರಿಸುತ್ತೀರಿ ಎಂದು ಅಮ್ಮನ ದೂರು, ಅದಕ್ಕೇ ಇದನ್ನು ಪೂರ್ತಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೋರ್ಡಿನ ವಿಷಯ ನನಗೆ ಹೇಳಲು ಇವರಿಗೆ ನಾಚಿಕೆ. ತಾಯಿಗೆ ಹೇಳಿದ್ದಾರೆ, ಅತ್ತೆಯವರು ರೊಟ್ಟಿ ಬಡಿಯುತ್ತಾ ನನಗೆ ಹೇಳಿದರು. “ನಿನ್ ಗಂಡ ನಿನ್ ಹೆಸ್ರು ಊರಿಗೆಲ್ಲ ಕಾಣಂಗೆ ಬರ್ಸ್ಯಾನೆ, ಹೋಗಿ ನೋಡ್ಕಂಬಾ. ನಮ್ ಯಜಮಾನ್ರು ನನ್ ಹೆಸ್ರು ರೇಷನ್ ಕಾರ್ಡಿಗೆ ಬರ್ಸಾಕೇ ವರ್ಷಗಟ್ಲೆ ತಗಂಡ್ರು.” ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಇವರು ಏಣಿಯ ಕೆಳಗೆ ನಿಂತಿದ್ದರು, ನನ್ನನ್ನು ನೋಡಿ ಏಣಿಯನ್ನೇ ನೋಡತೊಡಗಿದರು. ಇಂಥವರನ್ನು ಹುಡುಕಿಕೊಟ್ಟದ್ದಕ್ಕೆ ನಿಮಗೆ ಎಷ್ಟು ಮುತ್ತು ಕೊಟ್ಟರೂ ಕಡಿಮೆ, ಅಪ್ಪಾಜಿ.

ಇಷ್ಟು ಸಂತೋಷದ ನಡುವೆ ಒಂದು ಮಾತು ಮನಸ್ಸಿಗೆ ಚುಚ್ಚುತ್ತಿದೆ. ದೀಪಾವಳಿ ಮುಗಿದ ಕೂಡಲೇ ನಿಮಗೊಂದು ಕಾರ್ಡು ಹಾಕಿದ್ದೆ. ಬೀರುವಿನ ಕೆಳಗಿನ ಅರೆಯಲ್ಲಿ ನನ್ನ ಧಾರೆ ಸೀರೆಯ ಡಬ್ಬಿ ಇದೆ, ಅದರೊಳಗಿರುವ ಕಪ್ಪು ಚೌಕಗಳನ್ನು ಬಚ್ಚಲ ಒಲೆಗೆ ಹಾಕಿಬಿಡಿ ಎಂದು ಅದರಲ್ಲಿ ಬರೆದಿದ್ದೆ. ಮರುಟಪಾಲಿಗೆ ಉತ್ತರ ಬರೆಯುವ ನೀವು ಈ ಸಲ ಬರೆದಿಲ್ಲ. ಕಾರಣ ಹೇಳದೆ ಸುಡು ಎಂದರೆ ಯಾರಿಗಾದರೂ ಬೇಸರವಾಗುತ್ತದೆ. ಕಾರ್ಡಿನಲ್ಲಿ ಜಾಗವಿರಲಿಲ್ಲ, ಈಗ ಹೇಳುತ್ತೇನೆ.

ನಮ್ಮ ಕೆಲಸ ನಿಮಗೆ ಗೊತ್ತಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಂಗಡಿಗಳವರು ದಿನದ ವ್ಯವಹಾರದ ಚೀಟಿಗಳನ್ನು ಕಟ್ಟು ಕಟ್ಟಿ ಬಸ್ಸಿಗೆ ಹಾಕುತ್ತಾರೆ. ನಾನು ಅವನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ವರ್ಷದ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಮುದ್ರಿಸಿ ಕೊಡುವ ಮಾತು. ಲೆಕ್ಕವೆಲ್ಲ ಯಂತ್ರದ ಹೊಟ್ಟೆಯೊಳಗಿನ ಡಿಸ್ಕಿನಲ್ಲಿ ಇರುತ್ತದೆ, ಆದರೆ ಯಂತ್ರವನ್ನು ನಂಬಬಾರದು ಎಂದು ಇವರು ವಾರಕ್ಕೊಮ್ಮೆ ಅದನ್ನೆಲ್ಲ ಫ್ಲಾಪಿಗಳಿಗೆ ನಕಲು ಮಾಡಿಡುತ್ತಿದ್ದರು. ಫ್ಲಾಪಿ ಎಂದರೆ ಆ ಕಪ್ಪು ಚೌಕಗಳೇ. ಆಷಾಢಕ್ಕೆ ನಾನು ತವರಿಗೆ ಬರುವಾಗ ಒಂದು ಜೊತೆ ನನ್ನ ಕೈಗೆ ಕೊಟ್ಟು, “ಒಂದೇ ಊರಾಗೆ ಎರಡು ಇಟ್ರೆ ಒಂದೇ ಇಟ್ಟಂಗೆ, ಇದು ನಿಮ್ಮನೇಲಿರ್ಲಿ” ಎಂದಿದ್ದರು. ನೀವು ಗಾರ್ಡಿನ ಪೆಟ್ಟಿಗೆಯಲ್ಲಿ ಸದಾ ಇನ್ನೊಂದು ದೀಪ ಇಟ್ಟುಕೊಳ್ಳುತ್ತಿದ್ದಿರಲ್ಲ, ಹಾಗೆಯೇ ಎಂದುಕೊಂಡು ನನಗೆ ಹೆಮ್ಮೆಯಾಗಿತ್ತು. ಮರಳಿ ಬರುವಾಗ ಸೀರೆ ತಂದೆ, ಡಬ್ಬಿಯನ್ನು ಅಲ್ಲೇ ಬಿಟ್ಟೆ.

ದೀಪಾವಳಿಯಲ್ಲಿ ಇಲ್ಲಿಯ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಈ ವರ್ಷ ಪುಸ್ತಕವೇ ನಮ್ಮಲ್ಲಿರುವುದರಿಂದ ಎಲ್ಲರೂ ಹಣ್ಣುಕಾಯಿ ಹಿಡಿದು ನಮ್ಮ ಸೆಂಟರಿಗೇ ಬಂದರು. ನ್ಯಾಮತಿಯ ಗೊಬ್ಬರದ ಅಂಗಡಿಯ ಷಣ್ಮುಖಪ್ಪನವರು ಹಿರಿಯರು, ಅವರ ಮಾತಿನ ಮೇಲೆ ಉಳಿದವರು ನಡೆಯುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ವಿಭೂತಿ ಹಿಡಿದು, “ಇದ್ರಾಗೆ ನನ್ ಪುಸ್ತಕ ಯಾವ್ದಪ್ಪ?” ಎಂದರು. ಇವರು ಉತ್ಸಾಹದಿಂದ ಒಂದು ಫ್ಲಾಪಿ ತೋರಿಸಿದರು. ಜಗಳೂರಿನ ಎಣ್ಣೆ ಗಿರಣಿಯ ಗಾದ್ರಪ್ಪನವರು ಸದಾ ತಮಾಷೆಯವರು, “ಇಷ್ಟೇನಾ? ಸುಟ್ಟ ಹಪ್ಪಳ ಇದ್ದಂಗೈತಲ್ಲೋ ಬೆನಕಪ್ಪ” ಎಂದು ನಗಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇವರು ಇನ್ನೊಂದು ಡಬ್ಬಿ ತೆರೆದು, ಇದೇ ಲೆಕ್ಕ ಇದರಲ್ಲೂ ಇದೆ, ಒಂದು ಹೋದರೆ ಇನ್ನೊಂದು ಎಂದು ವಿವರಿಸಿದರು. ನಗು ನಿಂತುಹೋಯಿತು.

“ಒಂದ್ ಅಂಗ್ಡಿಗೆ ಎರಡು ಪುಸ್ತಕ?” ಎಂದರು ಷಣ್ಮುಖಪ್ಪನವರು. “ಎರಡು ಪುಸ್ತಕ ಇಡೋನು ಒಂದನ್ನ ಸರ್ಕಾರಕ್ಕೆ ತೋರಿಸ್ತಾನೆ, ಒಂದನ್ನ ದೇವ್ರಿಗೆ. ನಿಮ್ಮಪ್ಪ ಬದುಕಿದ್ರೆ ಹೇಳ್ತಿದ್ದ.” ಎರಡೂ ಒಂದೇ, ಒಂದಕ್ಷರ ವ್ಯತ್ಯಾಸವಿಲ್ಲ ಎಂದರು ಇವರು. “ಒಂದೇ ಆದ್ರೆ ಎರಡು ಯಾಕೆ?” ಇದಕ್ಕೆ ಇವರು ಏನು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಎರಡನೆಯದು ಪಕ್ಕದ ಅಂಗಡಿಯವನ ಕೈಗೆ ಹೋಗುತ್ತದೆ, ಟ್ಯಾಕ್ಸಿನವರ ಕೈಗೆ ಹೋಗುತ್ತದೆ ಎಂದು ಹಿಂದಿನಿಂದ ಗುಸುಗುಸು. ಇವರ ಮುಖ ಕೆಂಪಾಯಿತು. ಇವರ ತಂದೆ ಈ ಊರಿನಲ್ಲಿ ಒಂದೇ ಮಾತಿನ ಮನುಷ್ಯ ಎನ್ನಿಸಿಕೊಂಡಿದ್ದವರು, ಆ ಹೆಸರು ಎತ್ತಿದ ಮೇಲೆ ಇವರು ಯೋಚಿಸಲಿಲ್ಲ. ಲೆಕ್ಕ ಇನ್ನು ಯಂತ್ರದೊಳಗೆ ಮಾತ್ರ ಎಂದು ಫ್ಲಾಪಿಗಳನ್ನೆಲ್ಲ ಅಂಗಳಕ್ಕೆ ತಂದು ಸುರಿದು ಸೀಮೆಎಣ್ಣೆ ಹಾಕಿದರು. ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು, “ನಿಮ್ ಲೆಕ್ಕದ ಎರಡನೇ ಪ್ರತಿ ಎಲ್ಲೂ ಇಲ್ಲ, ಇನ್ ಮುಂದೆ ಇರಾದೂ ಇಲ್ಲ” ಎಂದು ಆಣೆ ಮಾಡಿದರು. ಪ್ಲಾಸ್ಟಿಕ್ಕಿನ ಕೆಟ್ಟ ಹೊಗೆ ಎದ್ದಿತು. ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬೀರುವಿನ ಕೆಳಗಿನ ಅರೆ ಕಣ್ಣಿಗೆ ಕಟ್ಟಿತು, ಬಾಯಿ ಬಿಡುವಷ್ಟರಲ್ಲಿ ಆಣೆ ಮುಗಿದಿತ್ತು.

ಅಂದು ಸಂಜೆಯೇ ಇವರಿಗೆ ಹೇಳಿದೆ. ತವರಿನ ಜೊತೆಯನ್ನು ನಾನು ಮರಳಿ ತಂದಿದ್ದೇನೆ, ಅದೂ ಆ ರಾಶಿಯಲ್ಲೇ ಸುಟ್ಟಿತು ಎಂದು ಇವರು ತಿಳಿದಿದ್ದರು. “ಹಂಗಾರೆ ನಾನು ಸುಳ್ಳಾಡಿದಂಗಾತು. ನಿಮ್ಮ ಅಪ್ಪಾಜಿಗೆ ಬರೆದು ಸುಡಾಕೆ ಹೇಳು, ಆವಾಗ ನಿಜ ಆಕೈತೆ” ಎಂದರು. ಅದಕ್ಕೇ ಆ ಕಾರ್ಡು. ಅಂಗಡಿಯವರಿಗೆ ನಂಬಿಕೆ ಬಂದು ಇನ್ನಷ್ಟು ಜನರನ್ನು ಕರೆತಂದರು, ಆ ಹುರುಪಿನಲ್ಲೇ ಈ ಬೋರ್ಡು. ಎಲ್ಲ ಒಳ್ಳೆಯದೇ ಆಯಿತು, ಅಪ್ಪಾಜಿ. ಆದರೂ ಯಂತ್ರದ ಗುರುಗುರು ಸದ್ದು ಕೇಳಿದಾಗಲೆಲ್ಲ, ಪೆಟ್ಟಿಗೆಯಲ್ಲಿ ಇನ್ನೊಂದು ದೀಪವಿಲ್ಲದೆ ಗಾಡಿ ಹತ್ತಿದ ಹಾಗೆ ಅನ್ನಿಸುತ್ತದೆ. ಅತ್ತೆಯವರು ಕರೆಯುತ್ತಿದ್ದಾರೆ, ಉಳಿದದ್ದು ಆಮೇಲೆ.

ಬುಧವಾರ, ೧೫

ಅಪ್ಪಾಜಿ, ಮೇಲಿನದನ್ನು ಅಂಚೆಗೆ ಹಾಕಲಾಗಲಿಲ್ಲ. ಅದನ್ನು ಬರೆದವಳು ಬೇರೆ ಯಾರೋ ಅನ್ನಿಸುತ್ತಿದೆ. ಹರಿದು ಬೇರೆ ಬರೆಯಬೇಕೆಂದಿದ್ದೆ, ಆದರೆ ಅದರಲ್ಲಿರುವುದನ್ನು ನೀವು ತಿಳಿಯದಿದ್ದರೆ ಇದು ಅರ್ಥವಾಗದು.

ಸೋಮವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಮಳೆ. ನಾನು ನ್ಯಾಮತಿಯ ಚೀಟಿಗಳನ್ನು ಏರಿಸುತ್ತಿದ್ದೆ. ಗುಡುಗು ಕೇಳಿ ಯಂತ್ರ ನಿಲ್ಲಿಸಲು ಕೈ ಚಾಚಿದೆ, ಅಷ್ಟರಲ್ಲಿ ಎದುರಿನ ಕಂಬಕ್ಕೆ ಸಿಡಿಲು ಬಡಿಯಿತು. ಸ್ಟೆಬಿಲೈಸರಿನಿಂದ ನೀಲಿ ಕಿಡಿ ಹಾರಿತು. ನನಗೇನೂ ಆಗಲಿಲ್ಲ, ಅಮ್ಮನಿಗೆ ಅದನ್ನು ಮೊದಲು ಓದಿ ಹೇಳಿ. ಕರೆಂಟು ಬಂದ ಮೇಲೆ ಯಂತ್ರ ಹಚ್ಚಿದರೆ ಒಳಗಿನಿಂದ ತಟ್ಟೆಯನ್ನು ಮೊಳೆಯಿಂದ ಕೆರೆದ ಹಾಗೆ ಸದ್ದು. ಮರುದಿನ ದಾವಣಗೆರೆಯಿಂದ ರಿಪೇರಿಯವರನ್ನು ಕರೆಸಿದರು. ಅವರು ಬಿಚ್ಚಿ ನೋಡಿ, ಯಂತ್ರ ಬದುಕುತ್ತದೆ, ಡಿಸ್ಕು ಬದುಕುವುದಿಲ್ಲ, ನಿಮ್ಮ ನಕಲು ಎಲ್ಲಿದೆ ಕೊಡಿ, ಹೊಸ ಡಿಸ್ಕಿಗೆ ಏರಿಸಿಕೊಡುತ್ತೇನೆ ಎಂದರು. ಅವರು ಬಹಳ ಸಹಜವಾಗಿ ಕೇಳಿದರು, ಮನೆಯಲ್ಲಿ ಕುಡಿಯಲು ನೀರಿದೆಯೇ ಎಂದು ಕೇಳಿದ ಹಾಗೆ. ಇವರು ಗೋಡೆ ನೋಡಿದರು.

ಆಷಾಢದಿಂದ ಈಚಿನ ಚೀಟಿಗಳು ನಮ್ಮ ಅಟ್ಟದ ಗೋಣಿಚೀಲಗಳಲ್ಲಿವೆ, ಅವನ್ನು ಕಣ್ಣು ಹೋಗುವಷ್ಟು ಕುಳಿತಾದರೂ ಮತ್ತೆ ಏರಿಸಬಹುದು. ಅದಕ್ಕೂ ಹಿಂದಿನದಕ್ಕೆ ಕಾಗದವೇ ಇಲ್ಲ. ಯಂತ್ರದಲ್ಲಿ ಇದೆಯಲ್ಲ ಎಂದು ಅಂಗಡಿಯವರು ನಾವು ವಾಪಸ್ ಕಳಿಸಿದ ಹಳೆಯ ಚೀಟಿಗಳನ್ನು ಕಡಲೆ ಕಟ್ಟಲು ಕೊಟ್ಟುಬಿಟ್ಟಿದ್ದಾರೆ. ಯಾರು ಎಷ್ಟು ಕೊಂಡರು, ಏನು ಬಾಕಿ, ಯಾವ ಸರಕು ಎಲ್ಲಿಂದ ಬಂತು, ಆಷಾಢದವರೆಗಿನ ಯಾವುದೂ ಈಗ ಈ ಸೀಮೆಯಲ್ಲಿ ಎಲ್ಲೂ ಇಲ್ಲ. ಇದ್ದರೆ ನಿಮ್ಮ ಬೀರುವಿನಲ್ಲಿ ಇರಬೇಕು.

ನಾನು ಆ ಮಾತು ಎತ್ತಿದೆ. ಇವರು ಕೇಳಿಸಿಕೊಳ್ಳಲೇ ಇಲ್ಲ. “ಇದ್ರೂ ನಾನು ಮುಟ್ಟಂಗಿಲ್ಲ. ಕರ್ಪೂರದ ಮ್ಯಾಲೆ ಕೈಯಿಟ್ಟು ಇಲ್ಲ ಅಂದೀನಿ” ಎಂದರು. ನಂತರ ಏಣಿ ತಂದು ತಾವೇ ಬೋರ್ಡು ಇಳಿಸಿದರು. ಬೈಯುವವರು ಬೆನಕಪ್ಪ ಎಂದು ಬೈಯಲಿ, ರುದ್ರಾಣಿ ಎಂದು ಬೈಯುವುದು ಬೇಡ ಎಂದರು. ಈಗ ಅದು ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳಬಾರದು, ನಾನೇ ಹೋಗಿ ಹೇಳಬೇಕು, ದೂರದವರಿಗೆ ಮೊದಲು ಎಂದು ಮೋಟಾರ್ ಸೈಕಲ್ ಹತ್ತಿ ಜಗಳೂರಿಗೆ ಹೋದರು.

ಇವರು ಹೋದದ್ದೇ ತಡ, ಅತ್ತೆಯವರು ಸೆರಗು ಬಿಗಿದು ನಿಂತರು. ನಿಮಗೆ ನಮ್ಮ ಅತ್ತೆಯವರು ಮದುವೆಯಲ್ಲಿ ನೋಡಿದಷ್ಟೇ ಗೊತ್ತು. ಕಸ್ತೂರಮ್ಮನವರು ಎಂದರೆ ಇಲ್ಲಿ ಗಂಡಸರೂ ದಾರಿ ಬಿಡುತ್ತಾರೆ. “ಅಳ್ತಾ ಕುಂತ್ರೆ ಆಣೆ ಬಿಡ್ತೈತಾ? ಆಣೆ ಹಾಕ್ಸಿದೋನೇ ಬಿಡಿಸ್ಬೇಕು. ನಡಿ ನ್ಯಾಮತಿಗೆ” ಎಂದರು. ಆಣೆ ಮಾಡಿಸಿಕೊಂಡವರೇ ಮತ್ತೆ ದೀಪ ಹಚ್ಚಿ ಮಾತು ವಾಪಸ್ ತೆಗೆದುಕೊಂಡರೆ ದೋಷವಿಲ್ಲವಂತೆ, ಇವರ ಹಿರಿಯರ ಕಾಲದಿಂದ ಹೀಗೇ ನಡೆದಿದೆಯಂತೆ. ನಾನು ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತು ಜೋಡಿಸುತ್ತಿದ್ದೆ. ಎರಡನೆಯದು ಇತ್ತು ಎಂದರೆ ಇವರು ಸುಳ್ಳು ಆಣೆ ಮಾಡಿದರು ಎಂದಾಗುತ್ತದೆ. ಇಲ್ಲ ಎಂದರೆ ಎಲ್ಲರ ಲೆಕ್ಕ ಮಣ್ಣುಪಾಲು. ನಾನು ಶಾಲೆಯ ಡಿಬೇಟಿನಲ್ಲಿ ಯಾವತ್ತೂ ಸೋತವಳಲ್ಲ, ಆದರೆ ಗೊಬ್ಬರದ ಮೂಟೆಗಳ ನಡುವೆ ಷಣ್ಮುಖಪ್ಪನವರ ಮುಂದೆ ನಿಂತಾಗ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ.

ಸಿಡಿಲಿನ ಸುದ್ದಿ ಕೇಳಿ ಅವರು ಕೈಯಲ್ಲಿದ್ದ ತೂಕದ ಕಲ್ಲು ಕೆಳಗಿಟ್ಟರು. ಆಮೇಲೆ ಹೇಗೋ ಹುಬ್ಬಳ್ಳಿಯ ಡಬ್ಬಿಯ ವಿಷಯ ಹೇಳಿದೆ. ಅವರ ಹುಬ್ಬು ಮೇಲೇರಿತು.

“ಅಂದ್ರೆ ಅವತ್ತು ಎರಡನೇದು ಇತ್ತು.”

“ಇತ್ತು ರೀ. ಇವ್ರಿಗೆ ಗೊತ್ತಿರಲಿಲ್ಲ. ಸಂಜೆ ನಾನು ಹೇಳಿದ ಮೇಲೆ ಗೊತ್ತಾಯ್ತು.”

“ಗೊತ್ತಾದ್ ಮ್ಯಾಲೆ ಏನ್ ಮಾಡ್ದ? ಬಚ್ಚಿಟ್ಕಂಡ್ನಾ?”

“ಇಲ್ಲ. ಸುಟ್ಟುಬಿಡಿ ಅಂತ ಮರುದಿನಾನೇ ನಮ್ಮ ತಂದೆಗೆ ಬರೆಸಿದ್ರು.”

ಷಣ್ಮುಖಪ್ಪನವರು ನನ್ನನ್ನೇ ನೋಡಿದರು. ಕೋಪ ಬರುತ್ತದೆ ಎಂದುಕೊಂಡಿದ್ದೆ. ಅವರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟು, “ಅಯ್ಯೋ ಪುಣ್ಯಾತ್ಮ” ಎಂದರು, “ಅಷ್ಟೊಂದು ಸತ್ಯವಂತ ಆಗೋ ಅಂತ ಯಾರ್ ಹೇಳಿದ್ರು ಅವ್ನಿಗೆ?” ಅತ್ತೆಯವರು ಬಿಡಲಿಲ್ಲ. “ನೀವೇ ಹೇಳಿದ್ರಿ. ಹಬ್ಬದ ದಿನ ನಮ್ಮ ಅಂಗಳದಾಗೆ ನಿಂತು ಸತ್ತೋರ ಹೆಸ್ರು ತೆಗೆದು ಹೇಳಿದ್ರಿ. ಈಗ ಕರ್ಪೂರ ತೆಗೀರಿ.” ಅಂಗಡಿಯ ದೇವರ ಪಟದ ಮುಂದೆ ಕರ್ಪೂರ ಉರಿಯಿತು. “ನಾನ್ ಹಾಕ್ಸಿದ್ ಆಣೆ ನಾನೇ ಬಿಡಿಸ್ದೆ, ಆ ಹುಡುಗನ ಮ್ಯಾಲೆ ದೋಷ ಇಲ್ಲ” ಎಂದು ಮೂರು ಸಲ ಹೇಳಿದರು. ಎಲೆ ಅಡಿಕೆ ಕೊಟ್ಟು ನಮ್ಮನ್ನು ಬಾಗಿಲವರೆಗೂ ಕಳಿಸಲು ಬಂದರು, ಆದರೆ ಮಾತು ಮಾತ್ರ ಮೆತ್ತಗಿರಲಿಲ್ಲ. “ಇದ್ರೆ ತಗಂಬಾ ತಾಯಿ, ನಾಕೂರಿನೋರಿಗೂ ನಾನೇ ಹೇಳ್ತೀನಿ. ಇಲ್ಲಾಂದ್ರೆ ನಾನು ಸುಮ್ಕಿದ್ರೂ ಉಳಿದೋರು ಸುಮ್ಕಿರಲ್ಲ. ಸುಟ್ಟಿದ್ದು ಬೇಕಂತ್ಲೇ ಸುಟ್ಟಿದ್ದು ಅಂತಾರೆ.”

ಅದೇ ನನ್ನ ಎದೆಯಲ್ಲಿ ಕುಳಿತಿದೆ, ಅಪ್ಪಾಜಿ. ತಮ್ಮ ಕಣ್ಣೆದುರೇ ತಮ್ಮ ಮಾತಿಗಾಗಿಯೇ ಸುಟ್ಟದ್ದನ್ನು ನಾಳೆ ಇವರ ಕುಯುಕ್ತಿ ಎನ್ನುತ್ತಾರೆ. ಆಮೇಲೆ ಈ ಊರಿನಲ್ಲಿ ಇವರಿಗೆ ಯಾರೂ ಒಂದು ಚೀಟಿಯನ್ನೂ ನಂಬಿ ಕೊಡುವುದಿಲ್ಲ. ಮಾವನವರ ಹೆಸರೂ ಅದರ ಜೊತೆಗೇ ಹೋಗುತ್ತದೆ.

ಇವರು ಸಂಜೆ ದೂಳು ಮೆತ್ತಿಕೊಂಡು ಬಂದರು. ಗಾದ್ರಪ್ಪನವರು ಬೈದರೇ ಎಂದು ಕೇಳಿದೆ. ಬೈಯಲಿಲ್ಲವಂತೆ, ತಮಾಷೆಯನ್ನೂ ಮಾಡಲಿಲ್ಲವಂತೆ. ಮಜ್ಜಿಗೆ ಕುಡಿಸಿ ಕಳಿಸಿದರಂತೆ. ನ್ಯಾಮತಿಗೆ ಹೋಗಿದ್ದನ್ನು ಅತ್ತೆಯವರೇ ಹೇಳಿದರು. ಆಣೆ ಬಿಟ್ಟಿತು ಎಂದು ಕೇಳಿ ಇವರ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂದದ್ದನ್ನು ನಾನು ನೋಡಿದೆ. ಮರುಗಳಿಗೆಗೇ ಆರಿತು. “ನಿಮ್ಮ ಅಪ್ಪಾಜಿ ಗಾರ್ಡು” ಎಂದರು. “ಹೇಳಿದ್ದನ್ನ ಹೇಳಿದ ಹೊತ್ತಿಗೆ ಮಾಡೋರು. ಕಾರ್ಡು ಮುಟ್ಟಿದ ದಿನಾನೇ ಸುಟ್ಟಿರ್ತಾರೆ.” ನಿಮ್ಮ ಶಿಸ್ತಿನ ಬಗ್ಗೆ ಇವರ ಹತ್ತಿರ ಹೊಗಳಿ ಹೊಗಳಿ ಇಟ್ಟವಳು ನಾನೇ. ಜೀವನದಲ್ಲಿ ಮೊದಲ ಸಲ, ನೀವು ಸ್ವಲ್ಪ ಸೋಮಾರಿಯಾಗಿರಬಾರದಿತ್ತೇ ಎಂದು ದೇವರನ್ನು ಕೇಳಿಕೊಂಡೆ.

ಒಂದೇ ಒಂದು ಆಸೆ ಅಮ್ಮನ ಮೇಲಿದೆ. ಅಮ್ಮ ಹರಿದ ಲಾಡಿಯನ್ನೂ ಸುತ್ತಿಡುವವಳು. ಖಾಲಿ ಡಬ್ಬಿ ಕಂಡರೆ “ಇರ್ಲಿ ಬಿಡ್ರಿ, ಬೇಕಾಕ್ಕೇತಿ” ಎನ್ನುವವಳು. ನೀವು ಕಾರ್ಡು ಓದಿ ಎದ್ದಾಗ ಅವಳು ಅಡ್ಡ ಬಂದಿದ್ದರೆ, ಹೇಗೂ ನೀರು ಕಾದಿದೆ, ನಾಳೆ ಹಾಕಿದರಾಯಿತು ಎಂದಿದ್ದರೆ. ಇಷ್ಟು ದಿನ ನೀವು ಉತ್ತರ ಬರೆಯದಿರುವುದಕ್ಕೆ ನಾನು ಸಾವಿರ ಅರ್ಥ ಹಚ್ಚಿದ್ದೇನೆ. ಸುಟ್ಟಿದ್ದರೆ ‘ಸುಟ್ಟೆ’ ಎಂದು ಒಂದು ಸಾಲು ಬರೆಯುತ್ತಿದ್ದಿರಲ್ಲವೇ? ಅಥವಾ ಸುಟ್ಟದ್ದರಲ್ಲಿ ಬರೆಯುವುದೇನಿದೆ ಎಂದುಕೊಂಡಿರೋ?

ತಂತಿ ಕೊಡೋಣವೆಂದರೆ ಗಾಳಿಗೆ ಕಂಬಗಳೆಲ್ಲ ಮಲಗಿವೆ, ಟ್ರಂಕ್ ಕಾಲೂ ಇಲ್ಲ. ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ದಾವಣಗೆರೆ ಸ್ಟೇಷನ್ನಿನ ಅಂಚೆ ಡಬ್ಬಿಗೇ ಹಾಕಿಸುತ್ತಿದ್ದೇನೆ. ನಾನೇ ಹೊರಟು ಬರುತ್ತಿದ್ದೇನೆ, ನನಗಿಂತ ಮೊದಲು ಇದು ನಿಮ್ಮನ್ನು ಮುಟ್ಟಬೇಕು. ಇವರು ಹೊನ್ನಾಳಿಗೆ ಹೋಗಿದ್ದಾರೆ, ಬಟ್ಟೆ ಅಂಗಡಿಯವರಿಗೆ ಹೇಳುವುದು ಬಾಕಿಯಿತ್ತು. ಹೋಗುವ ಮೊದಲು, ನೀನು ಹೋಗಿ ನೋಡಿಕೊಂಡು ಬಾ ಎಂದರು, ಅಷ್ಟೇ. ಅತ್ತೆಯವರು ನಿಮಗೂ ಅಮ್ಮನಿಗೂ ಶರಣು ಹೇಳಿದ್ದಾರೆ, ಅಮ್ಮನ ಮೊಣಕಾಲಿಗೆ ಹಚ್ಚಲು ಒಂದು ಎಣ್ಣೆ ಕಾಯಿಸಿ ಕೊಡುತ್ತಿದ್ದಾರೆ. ಇಬ್ಬರ ಪಾದಗಳಿಗೂ ಹಣೆಯಿಟ್ಟು,

ನಿಮ್ಮ
ರುದ್ರಾಣಿ

ತಾ.ಕ. ಡಬ್ಬಿ ಇದ್ದರೆ ರೇಡಿಯೋ ಹತ್ತಿರ ಇಡಬೇಡಿ, ಅದರ ಸ್ಪೀಕರಿನ ಅಯಸ್ಕಾಂತಕ್ಕೆ ಎಲ್ಲ ಅಳಿಸಿಹೋಗುತ್ತದೆ. ತೆರೆಯಬೇಡಿ, ಮುಟ್ಟಬೇಡಿ, ಇದ್ದಲ್ಲೇ ಇರಲಿ. ಸುಟ್ಟಿದ್ದರೆ ಅದು ನಿಮ್ಮ ತಪ್ಪಲ್ಲ, ನಾನೇ ಬರೆದದ್ದು. ಆದರೆ ಮನೆಯವರೆಗೂ ಆ ಪ್ರಶ್ನೆ ಹೊತ್ತು ನಡೆಯುವುದು ನನ್ನಿಂದಾಗದು, ಪ್ಲಾಟ್‌ಫಾರಂ ಮೇಲೆ ಬಾಯಿಬಿಟ್ಟು ಕೇಳುವುದೂ ಆಗದು. ಅಮ್ಮ ದಿಂಬಿನ ಚೀಲಕ್ಕೆ ಕೇಳಿದಾಗಲೂ ನೀವು ಕೊಡದೆ ಇಟ್ಟುಕೊಂಡ ಹಳೆಯ ಬಾವುಟಗಳಿವೆಯಲ್ಲ, ಅವನ್ನು ತನ್ನಿ. ಡಬ್ಬಿ ಇದ್ದರೆ ಹಸಿರು ಹಿಡಿದು ನಿಲ್ಲಿ. ಇಲ್ಲದಿದ್ದರೆ ಕೆಂಪು. ನಾನು ಎಡಗಡೆಯ ಕಿಟಕಿಯಲ್ಲಿ ಇರುತ್ತೇನೆ, ದೂರದಿಂದಲೇ ನೋಡುತ್ತೇನೆ. ಶನಿವಾರ, ಮಧ್ಯಾಹ್ನ ಬರುವ ಅರಸೀಕೆರೆ–ಹುಬ್ಬಳ್ಳಿ ಪ್ಯಾಸೆಂಜರ್.